ಲಿಕ್ವಿಡ್ ಕೂಲಿಂಗ್ ತೆಗೆದು ಏರ್ ಕೂಲಿಂಗ್ ಹಾಕಿದ ಹಳೆಯ ಡೆಸ್ಕ್‌ಟಾಪ್: ಲಕ್ಷಣ ಹಿಡಿದು ದೋಷ ಹುಡುಕುವ ಕೈಪಿಡಿ

ಗದಗದ ಮುದ್ರಣಾಲಯಗಳ ಡಿಟಿಪಿ ಕೋಣೆಗಳಲ್ಲಿ, ಹುಬ್ಬಳ್ಳಿಯ ಮದುವೆ ಆಲ್ಬಮ್ ಸ್ಟುಡಿಯೊಗಳಲ್ಲಿ, ಧಾರವಾಡದ ವಿದ್ಯಾರ್ಥಿಗಳ ಬಾಡಿಗೆ ಕೋಣೆಗಳಲ್ಲಿ ಹತ್ತು ಹದಿನೈದು ವರ್ಷ ಹಳೆಯ ಲಿಕ್ವಿಡ್ ಕೂಲಿಂಗ್ ಡೆಸ್ಕ್‌ಟಾಪ್‌ಗಳು ಇನ್ನೂ ದುಡಿಯುತ್ತಿವೆ. ಇಂಥ ಯಂತ್ರದಲ್ಲಿ ಪ್ರೊಸೆಸರ್ ಸಾಮಾನ್ಯವಾಗಿ ಗಟ್ಟಿಯಾಗಿಯೇ ಉಳಿದಿರುತ್ತದೆ. ಮೊದಲು ಸೋಲುವುದು ಪಂಪು ಮತ್ತು ಕೊಳವೆ. ಮುಚ್ಚಿದ ವ್ಯವಸ್ಥೆಯೇ ಆಗಿದ್ದರೂ ರಬ್ಬರ್ ಕೊಳವೆಯ ಗೋಡೆಯ ಮೂಲಕ ದ್ರವ ವರ್ಷಗಟ್ಟಲೆ ಅಷ್ಟಿಷ್ಟು ಆವಿಯಾಗಿ ಹೋಗುತ್ತದೆ, ಅದರ ಜಾಗಕ್ಕೆ ಗಾಳಿ ಸೇರುತ್ತದೆ, ಕೊನೆಗೆ ಪಂಪು ಗೊರಗೊರ ಸದ್ದು ಮಾಡತೊಡಗುತ್ತದೆ. ಆ ಹಂತದಲ್ಲಿ ಅದೆಲ್ಲವನ್ನೂ ತೆಗೆದು, ಹೀಟ್ ಪೈಪ್ (ಬಿಸಿ ಸಾಗಿಸುವ ಮುಚ್ಚಿದ ಲೋಹದ ಕೊಳವೆ) ಇರುವ ಎತ್ತರದ ಹೀಟ್ ಸಿಂಕ್ (ಬಿಸಿಯನ್ನು ಗಾಳಿಗೆ ಬಿಡುವ ಲೋಹದ ರೆಕ್ಕೆಗಳ ಕಟ್ಟು) ಒಂದನ್ನು 120 ಮಿಲಿಮೀಟರ್ ಫ್ಯಾನ್ ಸಮೇತ ಕೂರಿಸುವುದು ವಿವೇಕದ ನಿರ್ಧಾರ.

ಆದರೆ ಬದಲಾವಣೆ ಆದ ಮೇಲೆ ಬರುವ ದೂರುಗಳಲ್ಲಿ ಬಹುಪಾಲು ಒಂದೇ ಮೂಲದಿಂದ ಹುಟ್ಟುತ್ತವೆ. ಲಿಕ್ವಿಡ್ ಕೂಲಿಂಗ್ ಪ್ರೊಸೆಸರ್‌ನ ಬಿಸಿಯನ್ನು ಕೊಳವೆಯಲ್ಲಿ ಹೊತ್ತು ಕ್ಯಾಬಿನೆಟ್‌ನ ಅಂಚಿನಲ್ಲಿರುವ ರೇಡಿಯೇಟರ್‌ಗೆ ಒಯ್ದು ಅಲ್ಲಿಂದ ಹೊರಗೆ ಬಿಡುತ್ತಿತ್ತು. ಹೀಟ್ ಸಿಂಕ್ ಅದೇ ಬಿಸಿಯನ್ನು ಕ್ಯಾಬಿನೆಟ್‌ನ ನಟ್ಟನಡುವೆ ಬಿಡುತ್ತದೆ. ರೇಡಿಯೇಟರ್ ಜೊತೆಗೆ ಅದರ ಫ್ಯಾನ್‌ಗಳೂ ಹೋದವೆಂದರೆ ಒಳಗಿನ ಗಾಳಿಯ ದಾರಿಯೇ ಬದಲಾಗಿರುತ್ತದೆ. ಆದ್ದರಿಂದ ಸದ್ದು ಕಡಿಮೆ ಮಾಡುವ ಆತುರದಲ್ಲಿ ಫ್ಯಾನ್ ವೇಗ ಇಳಿಸುವ ಮೊದಲು ಬಿಸಿ ಎಲ್ಲಿ ನಿಂತಿದೆ ಎಂಬುದನ್ನು ಪತ್ತೆ ಹಚ್ಚಬೇಕು. ಕೆಳಗಿನ ಪ್ರತಿ ಭಾಗದಲ್ಲೂ ಖರ್ಚಿಲ್ಲದ ಪರೀಕ್ಷೆ ಮೊದಲು, ಬಿಚ್ಚುವ ಕೆಲಸ ಆಮೇಲೆ ಬರುತ್ತದೆ. ಆ ಕ್ರಮವನ್ನು ದಯವಿಟ್ಟು ಬದಲಿಸಬೇಡಿ.

ಕೈ ಹಾಕುವ ಮುನ್ನ

ಸ್ವಿಚ್ ಆರಿಸಿದರಷ್ಟೇ ಸಾಲದು, ವೈರನ್ನು ಗೋಡೆಯ ಸಾಕೆಟ್‌ನಿಂದ ಕಿತ್ತು, ಯುಪಿಎಸ್‌ನಿಂದಲೂ ಬೇರ್ಪಡಿಸಿ, ಕ್ಯಾಬಿನೆಟ್‌ನ ಪವರ್ ಬಟನ್ ಅನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಿರಿ. ಕಂಪ್ಯೂಟರ್‌ನ ಭಾಗಗಳಿಗೆ ಕರೆಂಟ್ ಪೂರೈಸುವ ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಯಾವ ಕಾರಣಕ್ಕೂ ಬಿಚ್ಚಬಾರದು. ಅದರೊಳಗಿನ ಕೆಪ್ಯಾಸಿಟರ್‌ಗಳು ವೈರ್ ಕಿತ್ತ ಮೇಲೂ ಅಪಾಯಕಾರಿ ವೋಲ್ಟೇಜ್ ಹಿಡಿದಿಟ್ಟುಕೊಂಡಿರುತ್ತವೆ. ಹಳೆಯ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇದ್ದರೂ ಅರ್ಥಿಂಗ್ ತಂತಿ ಜೋಡಿಸಿರದಿರುವುದುಂಟು. ಕ್ಯಾಬಿನೆಟ್ ಮುಟ್ಟಿದಾಗ ಸಣ್ಣಗೆ ಜುಮ್ಮೆಂದರೆ ಕಂಪ್ಯೂಟರ್ ಕೆಲಸ ಅಲ್ಲಿಗೇ ನಿಲ್ಲಿಸಿ ಮೊದಲು ಎಲೆಕ್ಟ್ರಿಷಿಯನ್‌ನನ್ನು ಕರೆಸಿ.

ತೆಗೆದ ದ್ರವದ ಬಗ್ಗೆಯೂ ಎಚ್ಚರ ಬೇಕು. ಅದರಲ್ಲಿ ಗ್ಲೈಕಾಲ್, ತುಕ್ಕು ತಡೆಯುವ ರಾಸಾಯನಿಕ, ಕೆಲವೊಮ್ಮೆ ಬಣ್ಣ ಸೇರಿರುತ್ತದೆ. ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಹೊಟ್ಟೆಗೆ ವಿಷ. ಮಕ್ಕಳಿಗೂ ಬೆಕ್ಕು ನಾಯಿಗಳಿಗೂ ಸಿಗದಂತೆ ಮುಚ್ಚಳದ ಬಾಟಲಿಯಲ್ಲಿ, ಹೆಸರು ಬರೆದ ಚೀಟಿ ಅಂಟಿಸಿ ಇಡಬೇಕು. ಕುಡಿಯುವ ನೀರಿನ ಬಾಟಲಿಗೆ ಅದನ್ನು ತುಂಬಲೇಬೇಡಿ.

ಇನ್ನೂ ಬದಲಿಸಿಲ್ಲ, ಆದರೆ ಯಂತ್ರ ಬಿಸಿಯಾಗಿ ಗೊರಗುಡುತ್ತಿದೆ

ಯಂತ್ರ ಚಾಲೂ ಇರುವಾಗ ಫ್ಯಾನ್‌ಗಳಿಗೆ ತಾಗದಂತೆ ಎರಡೂ ಕೊಳವೆಗಳನ್ನು ಮುಟ್ಟಿ ನೋಡಿ. ದ್ರವ ಸರಿಯಾಗಿ ಹರಿಯುತ್ತಿದ್ದರೆ ಎರಡರ ಬಿಸಿಯೂ ಹೆಚ್ಚುಕಡಿಮೆ ಒಂದೇ ಇರುತ್ತದೆ. ಪ್ರೊಸೆಸರ್ ಮೇಲಿನ ಭಾಗ ಸುಡುತ್ತಿದ್ದು ರೇಡಿಯೇಟರ್ ತಣ್ಣಗಿದ್ದರೆ ಪಂಪು ನಿಂತಿದೆ ಅಥವಾ ದಾರಿ ಕಟ್ಟಿದೆ ಎಂದರ್ಥ. ತಕ್ಷಣ ಆರಿಸಿ, ಅದನ್ನು ಮತ್ತೆ ಓಡಿಸಿ ನೋಡುವುದರಿಂದ ಏನೂ ಸಿಗುವುದಿಲ್ಲ. ದ್ರವ ತೊಟ್ಟಿಕ್ಕಿದ ಗುರುತೇನಾದರೂ ಕಂಡರೆ ಈ ಪರೀಕ್ಷೆಯನ್ನೂ ಮಾಡದೆ ನೇರವಾಗಿ ಕಲೆಗಳ ಬಗೆಗಿನ ಭಾಗಕ್ಕೆ ಹೋಗಿ.

ಬದಲಿಸಿದ ಮೇಲೆ ಯಂತ್ರ ಚಾಲೂ ಆಗುವುದೇ ಇಲ್ಲ, ಅಥವಾ ಚಾಲೂ ಆಗಿ ಕೂಡಲೇ ಆರುತ್ತದೆ

ಪರದೆಯ ಮೇಲೆ ಸಿಪಿಯು ಫ್ಯಾನ್ ಎರರ್ ಎಂಬ ಸಂದೇಶ ಬಂದು ಯಂತ್ರ ಅಲ್ಲಿಗೇ ನಿಂತರೆ ಅದು ಒಳ್ಳೆಯ ಸುದ್ದಿ. ಹಿಂದೆ ಮದರ್‌ಬೋರ್ಡ್‌ನ ಸಿಪಿಯು ಫ್ಯಾನ್ ಜಾಗಕ್ಕೆ ಪಂಪಿನ ತಂತಿ ಸೇರಿತ್ತು, ಈಗ ಆ ಜಾಗ ಖಾಲಿ ಇದೆ, ಹೊಸ ಫ್ಯಾನನ್ನು ಬೇರೆ ಜಾಗಕ್ಕೆ ಸೇರಿಸಲಾಗಿದೆ ಎಂದಷ್ಟೇ ಅದರ ಅರ್ಥ. ತಂತಿಯನ್ನು ಸರಿಯಾದ ಜಾಗಕ್ಕೆ ಬದಲಿಸಿದರೆ ಮುಗಿಯಿತು. ಬಯಾಸ್‌ನಲ್ಲಿ (ಯಂತ್ರ ಚಾಲೂ ಆದೊಡನೆ ತೆರೆಯಬಹುದಾದ ಮದರ್‌ಬೋರ್ಡ್‌ನ ಸೆಟ್ಟಿಂಗ್ ಪುಟ) ಆ ಎಚ್ಚರಿಕೆಯನ್ನೇ ಬಂದ್ ಮಾಡಿ ಮುಂದೆ ಹೋಗುವವರಿದ್ದಾರೆ. ಮುಂದೊಂದು ದಿನ ಫ್ಯಾನ್ ನಿಜವಾಗಿಯೂ ನಿಂತಾಗ ಎಚ್ಚರಿಸುವವರು ಯಾರೂ ಉಳಿಯುವುದಿಲ್ಲವಾದ್ದರಿಂದ ಹಾಗೆ ಮಾಡಬಾರದು.

ಸಂದೇಶವೇ ಇಲ್ಲದೆ ಆರುತ್ತಿದ್ದರೆ ಮೊದಲು ಪ್ರೊಸೆಸರ್‌ಗೆ ಕರೆಂಟ್ ಕೊಡುವ ನಾಲ್ಕು ಅಥವಾ ಎಂಟು ಪಿನ್ನಿನ ಕನೆಕ್ಟರ್ ನೋಡಿ. ಹೀಟ್ ಸಿಂಕ್ ಕೂರಿಸಲು ಅದನ್ನು ತೆಗೆದು ಮರೆತಿರುವುದು, ಅಥವಾ ಅದು ಅರ್ಧ ಮಾತ್ರ ಕೂತಿರುವುದು ತೀರ ಸಾಮಾನ್ಯ. ಆಮೇಲೆ ಹೀಟ್ ಸಿಂಕ್‌ನ ತಳಕ್ಕೆ ಅಂಟಿಸಿ ಬರುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಕಿತ್ತಿದ್ದೀರಾ ಎಂದು ಖಚಿತ ಮಾಡಿಕೊಳ್ಳಿ. ಮದರ್‌ಬೋರ್ಡ್‌ನ ಬೆನ್ನಿಗೆ ಹಾಕುವ ಲೋಹದ ಪಟ್ಟಿಯ ಒಳಬದಿಯಲ್ಲಿ ವಿದ್ಯುತ್ ತಡೆಯುವ ಹಾಳೆ ಹರಿದಿದ್ದರೆ ಶಾರ್ಟ್ ಆಗುತ್ತದೆ. ಸುಟ್ಟ ವಾಸನೆ ಬಂದರೆ ಮತ್ತೊಮ್ಮೆ ಸ್ವಿಚ್ ಹಾಕಿ ನೋಡುವ ಆಸೆಯನ್ನು ಬಿಟ್ಟುಬಿಡಿ.

ಯಂತ್ರ ಚಾಲೂ ಆದರೂ ಆರು ಜಿಬಿ ರ‍್ಯಾಮ್ ಇರಬೇಕಾದಲ್ಲಿ ನಾಲ್ಕೇ ಜಿಬಿ ತೋರಿಸುತ್ತಿದ್ದರೆ ರ‍್ಯಾಮ್ ಕೆಟ್ಟಿದೆ ಎಂದು ಹೊಸತು ಕೊಳ್ಳಲು ಓಡಬೇಡಿ. ಇಂಟೆಲ್‌ನ 1366 ಸಾಕೆಟ್‌ನಲ್ಲಿ (ಸಾಕೆಟ್ ಎಂದರೆ ಮದರ್‌ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರುವ ಜಾಗ) ಇದು ಹೆಸರಾದ ಲಕ್ಷಣ. ಹೀಟ್ ಸಿಂಕ್‌ನ ಸ್ಕ್ರೂಗಳನ್ನು ಒಂದು ಕಡೆ ಬಿಗಿಯಾಗಿ, ಇನ್ನೊಂದು ಕಡೆ ಸಡಿಲವಾಗಿ ಹಾಕಿದಾಗ ಪ್ರೊಸೆಸರ್ ಓರೆಯಾಗಿ ಒತ್ತಿ ಕೆಲವು ಪಿನ್‌ಗಳಿಗೆ ಸಂಪರ್ಕ ತಪ್ಪುತ್ತದೆ. ನಾಲ್ಕೂ ಸ್ಕ್ರೂಗಳನ್ನು ಸಡಿಲಿಸಿ, ಮೂಲೆಯಿಂದ ಎದುರು ಮೂಲೆಗೆ, ಪ್ರತಿಸಲ ಅರ್ಧ ಅರ್ಧ ಸುತ್ತು ತಿರುಗಿಸುತ್ತ ಬಿಗಿ ಮಾಡಿ. ಸಾಕೆಟ್‌ನ ಪಿನ್ ಬಾಗಿರುವುದು ಕಣ್ಣಿಗೆ ಕಂಡರೆ ಸೂಜಿ ಹಿಡಿದು ನೆಟ್ಟಗೆ ಮಾಡಲು ಹೋಗದೆ ಭೂತಗನ್ನಡಿ ಇಟ್ಟುಕೊಂಡು ಕೆಲಸ ಮಾಡುವ ಚಿಪ್ ಮಟ್ಟದ ರಿಪೇರಿಯವರ ಬಳಿ ಒಯ್ಯಿರಿ.

ತಾಪಮಾನ ವಿಪರೀತ ಏರುತ್ತದೆ

ಇಲ್ಲಿ ಎಷ್ಟು ಏರಿತು ಎಂಬುದಕ್ಕಿಂತ ಎಷ್ಟು ಬೇಗ ಏರಿತು ಎಂಬುದು ಮುಖ್ಯ. ಕೆಲಸದ ಹೊರೆ ಹಾಕಿದ ಕೆಲವೇ ಸೆಕೆಂಡುಗಳಲ್ಲಿ ತಾಪಮಾನ ಜಿಗಿದು ಮಿತಿಯ ಹತ್ತಿರ ಹೋದರೆ ಪ್ರೊಸೆಸರ್ ಮತ್ತು ಹೀಟ್ ಸಿಂಕ್ ನಡುವಿನ ಸಂಪರ್ಕ ಸರಿಯಿಲ್ಲ. ಹದಿನೈದು ಇಪ್ಪತ್ತು ನಿಮಿಷದಲ್ಲಿ ನಿಧಾನವಾಗಿ ಏರುತ್ತಲೇ ಹೋದರೆ ಸಂಪರ್ಕ ಸರಿಯಿದೆ, ಕ್ಯಾಬಿನೆಟ್‌ನೊಳಗೆ ಬಿಸಿಗಾಳಿ ಸುತ್ತುತ್ತಿದೆ. ಇದನ್ನು ಪಕ್ಕಾ ಮಾಡಿಕೊಳ್ಳಲು ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದಿಟ್ಟು ಅದೇ ಕೆಲಸವನ್ನು ಮತ್ತೆ ಹಾಕಿ. ಬಾಗಿಲು ತೆಗೆದಾಗ ತಾಪಮಾನ ಚೆನ್ನಾಗಿ ಇಳಿದರೆ ದೋಷ ಗಾಳಿಯ ದಾರಿಯದು. ಏನೂ ವ್ಯತ್ಯಾಸವಾಗದಿದ್ದರೆ ದೋಷ ಸಂಪರ್ಕದ್ದು. ಖರ್ಚೇ ಇಲ್ಲದ ಈ ಒಂದು ಪರೀಕ್ಷೆಯನ್ನು ಮಾಡದೆ ಹೊಸ ಫ್ಯಾನ್ ಕೊಂಡವರ ದುಡ್ಡು ಬಹಳಷ್ಟು ಸಲ ವ್ಯರ್ಥವಾಗಿದೆ. ಬಾಗಿಲು ತೆಗೆದ ಯಂತ್ರವನ್ನು ಹಾಗೆಯೇ ಕಾಯಂ ಓಡಿಸುವುದು ಮಾತ್ರ ಪರಿಹಾರವಲ್ಲ. ಧೂಳು ಬೇಗ ತುಂಬುತ್ತದೆ, ಮಕ್ಕಳ ಬೆರಳು ಒಳಗೆ ಹೋಗುತ್ತದೆ.

ಅಂಕಿಯನ್ನು ಓದುವಾಗ ಕೋಣೆಯ ಉಷ್ಣತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಏಕೆಂದರೆ ಯಾವ ಹೀಟ್ ಸಿಂಕ್ ಕೂಡ ಪ್ರೊಸೆಸರನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಡಿಸೆಂಬರ್‌ನಲ್ಲಿ ಕೋಣೆ 25 ಡಿಗ್ರಿ ಇದ್ದಾಗ 65 ತೋರಿಸಿದ ಯಂತ್ರ, ಏಪ್ರಿಲ್‌ನಲ್ಲಿ ಕೋಣೆ 37 ತಲುಪಿದಾಗ ಅದೇ ಕೆಲಸಕ್ಕೆ 77ರ ಆಸುಪಾಸು ತೋರಿಸಿದರೆ ಅದು ದೋಷವಲ್ಲ. ಪ್ರೊಸೆಸರ್‌ನಿಂದ ಪ್ರೊಸೆಸರ್‌ಗೆ ಮಿತಿಯೂ ಬೇರೆ. ಇಂಟೆಲ್ ಕೋರ್ ಐ7-920ರ ಒಳಗಿನ ಸೆನ್ಸರ್ ಮಿತಿ 100 ಡಿಗ್ರಿ. ಎಎಂಡಿ ಫೆನಾಮ್ 2 ಎಕ್ಸ್4 955ಕ್ಕೆ ಕಂಪನಿ ಕೊಟ್ಟ ಗರಿಷ್ಠ ಮಿತಿ 62 ಡಿಗ್ರಿ. ಎರಡರಲ್ಲೂ 70 ಡಿಗ್ರಿ ಕಂಡರೆ ಮೊದಲನೆಯದು ನೆಮ್ಮದಿಯಾಗಿದೆ, ಎರಡನೆಯದು ತೊಂದರೆಯಲ್ಲಿದೆ.

ದೋಷ ಸಂಪರ್ಕದ್ದೆಂದು ಗೊತ್ತಾದರೆ ಹೀಟ್ ಸಿಂಕ್ ಬಿಚ್ಚಿ ಥರ್ಮಲ್ ಪೇಸ್ಟ್ (ಪ್ರೊಸೆಸರ್‌ನಿಂದ ಹೀಟ್ ಸಿಂಕ್‌ಗೆ ಬಿಸಿ ದಾಟಿಸಲು ನಡುವೆ ಹಚ್ಚುವ ಲೇಪ) ಹರಡಿದ ಗುರುತು ನೋಡಿ. ಒಂದು ಬದಿಯಲ್ಲಿ ದಪ್ಪ, ಇನ್ನೊಂದು ಬದಿಯಲ್ಲಿ ಖಾಲಿ ಇದ್ದರೆ ಹೀಟ್ ಸಿಂಕ್ ಓರೆಯಾಗಿ ಕೂತಿತ್ತು. ಪೇಸ್ಟ್ ಎಲ್ಲ ಕಡೆ ದಪ್ಪವಾಗಿಯೇ ಉಳಿದಿದ್ದರೆ ಒತ್ತಡ ಸಾಕಾಗಿಲ್ಲ. ಬೇರೆ ಸಾಕೆಟ್‌ನ ಕ್ಲಿಪ್ಪು ಬಳಸಿರಬಹುದು. ಇಂಟೆಲ್‌ನ 775 ಸಾಕೆಟ್‌ನಲ್ಲಿ ತೂತುಗಳ ಅಂತರ 72 ಮಿಲಿಮೀಟರ್, 1155 ಮತ್ತು 1150ರಲ್ಲಿ 75, 1366ರಲ್ಲಿ 80. ಮೂರು ಮಿಲಿಮೀಟರ್ ವ್ಯತ್ಯಾಸವನ್ನು ಬಲವಂತವಾಗಿ ಹೊಂದಿಸಿದ ಬೋರ್ಡ್ ಬಾಗಿ, ಒಳಗಿನ ತಾಮ್ರದ ಗೆರೆಗಳು ತುಂಡಾಗುವ ಅಪಾಯವಿದೆ. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ, ಎಳೆ ಬಿಡದ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಬಟಾಣಿ ಕಾಳಿಗಿಂತ ತುಸು ಚಿಕ್ಕದಾದ ಒಂದು ಹನಿ ಪೇಸ್ಟ್ ನಡುವೆ ಇಟ್ಟು ನೇರವಾಗಿ ಒತ್ತಿದರೆ ಸಾಕು.

ದೋಷ ಗಾಳಿಯ ದಾರಿಯದಾದರೆ, ರೇಡಿಯೇಟರ್ ಇದ್ದ ಜಾಗವನ್ನು ಮೊದಲು ನೋಡಿ. ಅದು ಚಾವಣಿಯಲ್ಲಿ ಅಥವಾ ಹಿಂದೆ ಇದ್ದಿದ್ದರೆ ಈಗ ಬಿಸಿಗಾಳಿ ಹೊರಹಾಕುವ ಫ್ಯಾನ್ ಒಂದೂ ಉಳಿದಿರದಿರಬಹುದು. ಮುಂದಿನಿಂದ ಒಳಗೆ, ಹೀಟ್ ಸಿಂಕ್‌ನ ಮೂಲಕ, ಹಿಂದಿನಿಂದ ಹೊರಗೆ ಎಂಬಂತೆ ಎಲ್ಲ ಫ್ಯಾನ್‌ಗಳೂ ಒಂದೇ ದಿಕ್ಕಿಗೆ ಗಾಳಿ ದೂಡಬೇಕು. ಸಾಮಾನ್ಯ ಫ್ಯಾನ್‌ನಲ್ಲಿ ಮೋಟಾರನ್ನು ಹಿಡಿದ ಕಡ್ಡಿಗಳಿರುವ ಬದಿಯಿಂದ ಗಾಳಿ ಹೊರಬರುತ್ತದೆ. ಅನುಮಾನವಿದ್ದರೆ ತೆಳು ಕಾಗದದ ಚೂರೊಂದನ್ನು ಹತ್ತಿರ ಹಿಡಿದು ನೋಡಿ. ಹೀಟ್ ಸಿಂಕ್‌ನ ಫ್ಯಾನ್ ತಿರುಗುಮುರುಗಾಗಿ ಕೂತು, ಹಿಂದಿನ ಫ್ಯಾನ್ ಜೊತೆ ಗುದ್ದಾಡುತ್ತಿರುವುದು ನಾವು ಅಂದುಕೊಳ್ಳುವುದಕ್ಕಿಂತ ಹೆಚ್ಚು ಸಲ ಸಿಗುತ್ತದೆ.

ಇನ್ನೊಂದು ಮಿತಿಯೂ ಇದೆ. ಐ7-920 ಅಥವಾ ಫೆನಾಮ್‌ನಂಥ 125ರಿಂದ 130 ವ್ಯಾಟ್‌ನ ಪ್ರೊಸೆಸರ್‌ಗೆ ಒಳ್ಳೆಯ ಹೀಟ್ ಸಿಂಕ್ ಧಾರಾಳವಾಗಿ ಸಾಕು. ಆದರೆ 220 ವ್ಯಾಟ್‌ನ ಎಎಂಡಿ ಎಫ್‌ಎಕ್ಸ್-9590ನಂಥದ್ದನ್ನು, ಇಲ್ಲವೇ ಓವರ್‌ಕ್ಲಾಕ್ ಮಾಡಿದ, ಅಂದರೆ ಪ್ರೊಸೆಸರನ್ನು ಕಂಪನಿ ಕೊಟ್ಟ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವ ಯಂತ್ರವನ್ನು, ಉತ್ತರ ಕರ್ನಾಟಕದ ಬೇಸಿಗೆಯಲ್ಲಿ ಸದ್ದಿಲ್ಲದೆ ಗಾಳಿಯಲ್ಲೇ ತಣಿಸುವೆನೆಂದು ಹಟ ಹಿಡಿಯುವುದರಲ್ಲಿ ಅರ್ಥವಿಲ್ಲ. ಓವರ್‌ಕ್ಲಾಕ್ ತೆಗೆದು, ವೇಗವನ್ನೂ ವೋಲ್ಟೇಜನ್ನೂ ಮೂಲ ಮಟ್ಟಕ್ಕೆ ತನ್ನಿ; ಪುಟ ವಿನ್ಯಾಸಕ್ಕೂ ಬರವಣಿಗೆಗೂ ಆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ.

ತಾಪಮಾನ ಸರಿಯಿದೆ, ಆದರೂ ಭಾರದ ಕೆಲಸದಲ್ಲಿ ಯಂತ್ರ ರೀಸ್ಟಾರ್ಟ್ ಆಗುತ್ತದೆ

ಪ್ರೊಸೆಸರ್ 60 ಡಿಗ್ರಿಯಲ್ಲಿದ್ದರೂ ವಿಡಿಯೊ ರೆಂಡರ್ ಹಾಕಿದ ಅರ್ಧ ಗಂಟೆಗೆ ಯಂತ್ರ ಆರಿ ಮತ್ತೆ ಚಾಲೂ ಆದರೆ, ಬಿಸಿಯಾಗುತ್ತಿರುವುದು ಅದರ ನೆರೆಯ ಭಾಗ. ಪ್ರೊಸೆಸರ್‌ಗೆ ಹದವಾದ ವೋಲ್ಟೇಜ್ ಪೂರೈಸುವ ವಿಆರ್‌ಎಂ ಭಾಗಗಳು ಸಾಕೆಟ್‌ನ ಪಕ್ಕದಲ್ಲೇ ಇರುತ್ತವೆ. ಕೆಲವು ದುಬಾರಿ ಯಂತ್ರಗಳಲ್ಲಿ ಅವುಗಳ ಮೇಲೂ ದ್ರವ ಹರಿಯುತ್ತಿತ್ತು. ಉಳಿದವುಗಳಲ್ಲಿ ಚಾವಣಿಯ ರೇಡಿಯೇಟರ್ ಫ್ಯಾನ್‌ಗಳು ಅವುಗಳ ಮೇಲಿನಿಂದ ಗಾಳಿ ಎಳೆಯುತ್ತಿದ್ದವು. ಎತ್ತರದ ಹೀಟ್ ಸಿಂಕ್ ಗಾಳಿಯನ್ನು ಅಡ್ಡಡ್ಡ ದೂಡುವುದರಿಂದ ಬೋರ್ಡ್‌ನ ಮೈಗೆ ಗಾಳಿ ತಾಗುವುದು ಕಡಿಮೆ. ಇಂಟೆಲ್‌ನ ಎಕ್ಸ್58 ಚಿಪ್‌ಸೆಟ್ (ಪ್ರೊಸೆಸರನ್ನು ಬೋರ್ಡ್‌ನ ಉಳಿದ ಭಾಗಗಳಿಗೆ ಬೆಸೆಯುವ ಚಿಪ್) ಇರುವ ಬೋರ್ಡ್‌ಗಳಲ್ಲಿ ಆ ಚಿಪ್ ಕೂಡ ಸಾಕಷ್ಟು ಬಿಸಿಯಾಗುತ್ತದೆ.

ಮೊದಲ ಪರೀಕ್ಷೆ ಸುಲಭ: ಬಾಗಿಲು ತೆಗೆದು, ಮೇಜಿನ ಮೇಲಿನ ಸಾಧಾರಣ ಫ್ಯಾನ್‌ನ ಗಾಳಿಯನ್ನು ಆ ಭಾಗದ ಮೇಲೆ ಬಿಟ್ಟು ಅದೇ ಕೆಲಸ ಓಡಿಸಿ. ಆಗ ರೀಸ್ಟಾರ್ಟ್ ನಿಂತರೆ ದೋಷ ಸಿಕ್ಕಿತು. ಚಾವಣಿಯ ಹಿಂಭಾಗದಲ್ಲಿ ನಿಧಾನವಾಗಿ ತಿರುಗುವ ಫ್ಯಾನ್ ಒಂದನ್ನು ಹಾಕಿ, ಅಥವಾ ಗಾಳಿಯನ್ನು ಕೆಳಮುಖವಾಗಿ ಬೋರ್ಡ್‌ನ ಮೇಲೆಯೇ ಬಿಡುವ ಮಾದರಿಯ ಕೂಲರ್ ಆರಿಸಿ. ಅಗ್ಗದ ಬೋರ್ಡ್‌ಗೆ ಎರಡನೆಯದೇ ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಫ್ಯಾನ್ ಇಟ್ಟರೂ ರೀಸ್ಟಾರ್ಟ್ ನಿಲ್ಲದಿದ್ದರೆ ಎಸ್‌ಎಂಪಿಎಸ್ ಬಲಹೀನವಾಗಿರಬಹುದು. ಗೊತ್ತಿರುವ ಒಳ್ಳೆಯ ಎಸ್‌ಎಂಪಿಎಸ್ ಒಂದನ್ನು ಎರವಲು ತಂದು ಹಾಕಿ ನೋಡಿ. ಬೋರ್ಡ್‌ನ ಕೆಪ್ಯಾಸಿಟರ್‌ಗಳ ತಲೆ ಉಬ್ಬಿದ್ದರೆ ಅಥವಾ ಕಂದು ಅಂಟು ಒಸರಿದ್ದರೆ ನಿಮ್ಮ ಪರೀಕ್ಷೆ ಅಲ್ಲಿಗೆ ಮುಗಿಯಿತು, ಮುಂದಿನದು ರಿಪೇರಿಯವರ ಕೆಲಸ.

ಗ್ರಾಫಿಕ್ಸ್ ಕಾರ್ಡ್ ಕೂಡ ಅದೇ ದ್ರವದಿಂದ ತಣ್ಣಗಾಗುತ್ತಿದ್ದರೆ ಅದಕ್ಕೆ ಮೂಲ ಫ್ಯಾನ್ ಕೂಲರ್ ಮರಳಿ ಕೂರಿಸಬೇಕು. ಅದರ ಮೆಮೊರಿ ಚಿಪ್‌ಗಳ ಮೇಲಿನ ಮೆತ್ತನೆಯ ಥರ್ಮಲ್ ಪ್ಯಾಡ್‌ನ ದಪ್ಪ ಅರ್ಧ ಮಿಲಿಮೀಟರ್ ಹೆಚ್ಚಾದರೂ ಮುಖ್ಯ ಚಿಪ್‌ಗೆ ಕೂಲರ್ ತಾಗುವುದಿಲ್ಲ, ಕಡಿಮೆಯಾದರೆ ಮೆಮೊರಿಗೆ ತಾಗುವುದಿಲ್ಲ. ಹಳೆಯ ಪ್ಯಾಡನ್ನು ಎಸೆಯುವ ಮುನ್ನ ಅದರ ದಪ್ಪ ಅಳೆದಿಟ್ಟುಕೊಳ್ಳಿ.

ಸದ್ದು

ಸದ್ದಿನ ಬಗೆಯೇ ಅರ್ಧ ಉತ್ತರ ಹೇಳುತ್ತದೆ. ಮೂಲ ಹುಡುಕಲು ಕಾಗದವನ್ನು ಕೊಳವೆಯಂತೆ ಸುತ್ತಿ, ಒಂದು ತುದಿ ಕಿವಿಗೆ, ಇನ್ನೊಂದನ್ನು ಫ್ಯಾನ್‌ನಿಂದ ತುಸು ದೂರದಲ್ಲಿ ಹಿಡಿದು ಒಂದೊಂದಾಗಿ ಆಲಿಸಿ. ತಿರುಗುವ ಫ್ಯಾನನ್ನು ಬೆರಳಿನಿಂದ ನಿಲ್ಲಿಸಬೇಡಿ.

ಒಂದೇ ಸಮನೆ ಮೊರೆತವಿದ್ದರೆ ಯಾವುದೋ ಫ್ಯಾನ್ ಪೂರ್ಣ ವೇಗದಲ್ಲಿದೆ. ಮೂರು ಪಿನ್ನಿನ ಫ್ಯಾನನ್ನು ನಾಲ್ಕು ಪಿನ್ನಿನ ಜಾಗಕ್ಕೆ ಹಾಕಿದಾಗ, ಆ ಜಾಗದಲ್ಲಿ ವೋಲ್ಟೇಜ್ ಇಳಿಸುವ ಸೌಲಭ್ಯವಿಲ್ಲದಿದ್ದರೆ ಫ್ಯಾನ್‌ಗೆ ಸದಾ 12 ವೋಲ್ಟ್ ಸಿಗುತ್ತದೆ. ಹಳೆಯ ಬೋರ್ಡ್‌ಗಳಲ್ಲಿ ಇದು ಸಾಮಾನ್ಯ. ಪಂಪು ಸದಾ ಪೂರ್ಣ ವೇಗದಲ್ಲಿ ಓಡಲೆಂದು ಬಯಾಸ್‌ನಲ್ಲಿ ಮಾಡಿಟ್ಟ ಹಳೆಯ ಸೆಟ್ಟಿಂಗ್ ಹಾಗೆಯೇ ಉಳಿದು, ಈಗ ಅದೇ ಜಾಗದಲ್ಲಿರುವ ಹೊಸ ಫ್ಯಾನನ್ನು ಓಡಿಸುತ್ತಿರುವ ಸಾಧ್ಯತೆಯೂ ಇದೆ. ಮೊದಲು ಆ ಸೆಟ್ಟಿಂಗ್ ನೋಡಿ, ಆಮೇಲೆ ನಾಲ್ಕು ಪಿನ್ನಿನ ಫ್ಯಾನ್ ಕೊಳ್ಳುವ ಮಾತು.

ಸದ್ದು ಏರಿ ಇಳಿದು ಏರಿ ಇಳಿದು ಕಾಡುತ್ತಿದ್ದರೆ ಫ್ಯಾನ್ ಕೆಟ್ಟಿಲ್ಲ. ದ್ರವಕ್ಕೆ ಬಿಸಿ ಹಿಡಿದಿಡುವ ಶಕ್ತಿ ಹೆಚ್ಚು, ಹೀಗಾಗಿ ಹಿಂದೆ ತಾಪಮಾನ ಮೆಲ್ಲಗೆ ಬದಲಾಗುತ್ತಿತ್ತು; ಈಗ ಕ್ಷಣಕ್ಷಣಕ್ಕೂ ಬದಲಾಗುತ್ತದೆ, ಫ್ಯಾನ್ ಅದನ್ನು ಬೆನ್ನಟ್ಟುತ್ತದೆ. ಬಯಾಸ್‌ನಲ್ಲಿ ವೇಗ ಬದಲಾಗುವ ಮುನ್ನ ಕೆಲವು ಸೆಕೆಂಡು ಕಾಯುವ ಆಯ್ಕೆ ಇದ್ದರೆ ಅದನ್ನು ಹೆಚ್ಚಿಸಿ, 60 ಡಿಗ್ರಿಯವರೆಗೆ ಒಂದೇ ಕಡಿಮೆ ವೇಗ ಇರುವಂತೆ ಹೊಂದಿಸಿ. ಫೆನಾಮ್‌ಗೆ ಮಾತ್ರ ಆ ಮಿತಿಯನ್ನು 45ರ ಸುತ್ತ ಇಡಿ.

ಟಕಟಕ ಎಂದರೆ ತಂತಿ ರೆಕ್ಕೆಗೆ ತಾಗುತ್ತಿದೆ, ಕಟ್ಟಿಹಾಕಿದರೆ ಹೋಗುತ್ತದೆ. ಕರಕರ ಎಂದರೆ ಬೇರಿಂಗ್ ಸವೆದಿದೆ; ಎಣ್ಣೆ ಬಿಟ್ಟರೆ ಕೆಲವು ವಾರ ಸುಮ್ಮನಿದ್ದು ಮತ್ತೆ ಶುರುವಾಗುತ್ತದೆ, ಫ್ಯಾನ್ ಬದಲಿಸುವುದೇ ಲೇಸು. ಕ್ಯಾಬಿನೆಟ್ ಮೇಲೆ ಅಂಗೈ ಒತ್ತಿದಾಗ ನಿಲ್ಲುವ ಗುಂಯ್ ಸದ್ದು ಹಾರ್ಡ್ ಡಿಸ್ಕಿನದು: ನಿಮಿಷಕ್ಕೆ 7200 ಸುತ್ತೆಂದರೆ ಸೆಕೆಂಡಿಗೆ 120 ಕಂಪನ. ಪಂಪಿನ ಗದ್ದಲದಲ್ಲಿ ಮುಚ್ಚಿಹೋಗಿದ್ದ ಅದು ಈಗ ಕೇಳಿಸುತ್ತಿದೆಯಷ್ಟೇ; ಸ್ಕ್ರೂಗಳ ಕೆಳಗೆ ರಬ್ಬರ್ ವಾಷರ್ ಹಾಕಿ.

ಹಸಿರು, ನೀಲಿ ಅಥವಾ ಬಿಳಿ ಕಲೆ, ಅಂಟು

ಇದು ಸೋರಿಕೆಯ ಗುರುತು, ಯಂತ್ರವನ್ನು ಹೊತ್ತಿಸಬೇಡಿ. ಹಸಿರು ಅಥವಾ ನೀಲಿ ಕಲೆ ತಾಮ್ರ ಕಿಲುಬಿದ್ದನ್ನು ಹೇಳುತ್ತದೆ. ಬಿಳಿ ಪುಡಿ ಒಣಗಿದ ದ್ರವದ್ದು, ಇಲ್ಲವೇ ಅಲ್ಯುಮಿನಿಯಂ ಸವೆದದ್ದು. ಒಣಗಿದೆ, ಇನ್ನೇನು ಎನ್ನುವಂತಿಲ್ಲ. ಉಳಿದ ಲವಣ ಮಳೆಗಾಲದ ತೇವ ಹೀರಿಕೊಂಡು ಮತ್ತೆ ವಿದ್ಯುತ್ ಹರಿಸುತ್ತದೆ. ಬೋರ್ಡನ್ನು ಹೊರತೆಗೆದು, ಬ್ಯಾಟರಿ ಕಿತ್ತು, ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಮೆತ್ತನೆಯ ಬ್ರಷ್‌ನಿಂದ ತೊಳೆಯಿರಿ. ಕಿಟಕಿ ತೆರೆದಿರಲಿ, ಹತ್ತಿರ ದೀಪವಾಗಲಿ ಊದುಬತ್ತಿಯಾಗಲಿ ಇರಬಾರದು, ಏಕೆಂದರೆ ಆಲ್ಕೊಹಾಲ್‌ನ ಆವಿಗೆ ಬೆಂಕಿ ಬೇಗ ಹತ್ತುತ್ತದೆ. ಪೂರ್ತಿ ಒಂದು ದಿನ ಒಣಗಲು ಬಿಡಿ. ದ್ರವ ಎಸ್‌ಎಂಪಿಎಸ್ ಒಳಗೆ ಇಳಿದಿದ್ದರೆ ಅದನ್ನು ತೊಳೆದು ಉಳಿಸುವ ಯೋಚನೆ ಬೇಡ; ಬೇರೆಯದನ್ನು ಹಾಕಿ.

ಪವರ್ ಮ್ಯಾಕ್ ಜಿ5: ಫ್ಯಾನ್‌ಗಳೆಲ್ಲ ಅಬ್ಬರಿಸುತ್ತವೆ

ಆ್ಯಪಲ್‌ನ ಈ ಯಂತ್ರದ ಮೊದಲ ಮಾದರಿಗಳು 2003ರಲ್ಲಿ ಬಂದಾಗ ಏರ್ ಕೂಲಿಂಗ್‌ನವೇ ಆಗಿದ್ದವು. 2004ರ 2.5 ಗಿಗಾಹರ್ಟ್ಸ್ ಜೋಡಿ ಪ್ರೊಸೆಸರ್ ಮಾದರಿ, 2005ರ 2.7 ಗಿಗಾಹರ್ಟ್ಸ್ ಮಾದರಿ ಮತ್ತು ಅದೇ ವರ್ಷದ ಕೊನೆಗೆ ಬಂದ ಕ್ವಾಡ್ (ನಾಲ್ಕು ಕೋರ್‌ಗಳ) ಮಾದರಿಗಳಲ್ಲಿ ಮಾತ್ರ ದ್ರವ ಬಳಸಲಾಯಿತು. ಇವುಗಳಲ್ಲಿ ಎಸ್‌ಎಂಪಿಎಸ್ ತಳದಲ್ಲೇ ಇರುವುದರಿಂದ ಸೋರಿದ ದ್ರವ ನೇರ ಅದರ ಮೇಲೆ ಬೀಳುತ್ತದೆ. ಹಳೆಯ ಕಡತಗಳಿಗಾಗಿ ಇದನ್ನು ಇಟ್ಟುಕೊಂಡಿರುವ ಮುದ್ರಣಾಲಯದವರು ಹೊತ್ತಿಸುವ ಮುನ್ನ ಕೆಳಭಾಗ ನೋಡಲೇಬೇಕು.

ಫ್ಯಾನ್‌ಗಳ ಅಬ್ಬರಕ್ಕೆ ಅತಿ ಸುಲಭದ ಕಾರಣ, ಒಳಗಿನ ಪಾರದರ್ಶಕ ಪ್ಲಾಸ್ಟಿಕ್ ಬಾಗಿಲು ಹಾಕದಿರುವುದು. ಎರಡನೆಯದು ಆಪರೇಟಿಂಗ್ ಸಿಸ್ಟಮ್ ನಿಂತುಹೋಗಿರುವುದು. ಫ್ಯಾನ್‌ಗಳನ್ನು ಹತೋಟಿಯಲ್ಲಿಡುವುದು ಅದೇ ಆದ್ದರಿಂದ ಅದು ನಿಂತರೆ ಅವು ಸುರಕ್ಷತೆಗಾಗಿ ಪೂರ್ಣ ವೇಗಕ್ಕೆ ಹೋಗುತ್ತವೆ. ಇವೆರಡೂ ಅಲ್ಲವಾದರೆ ಉಳಿಯುವುದು ಥರ್ಮಲ್ ಕ್ಯಾಲಿಬ್ರೇಷನ್, ಅಂದರೆ ಪ್ರೊಸೆಸರ್‌ನ ತಾಪಮಾನದ ಲೆಕ್ಕವನ್ನು ಯಂತ್ರಕ್ಕೆ ಹೊಸದಾಗಿ ಹೊಂದಿಸಿಕೊಡುವುದು. ಪ್ರೊಸೆಸರ್ ಅಥವಾ ಅದರ ಕೂಲಿಂಗ್ ಬದಲಿಸಿದ ಮೇಲೆ ಆ್ಯಪಲ್ ಸರ್ವಿಸ್ ಡಯಾಗ್ನಸ್ಟಿಕ್ ಡಿಸ್ಕ್‌ನಿಂದ ಅದನ್ನು ಮಾಡದಿದ್ದರೆ ಅಬ್ಬರ ನಿಲ್ಲದು. ಏರ್ ಕೂಲಿಂಗ್ ಜಿ5ರಿಂದ ಪ್ರೊಸೆಸರ್ ಮತ್ತು ಹೀಟ್ ಸಿಂಕ್ ತೆಗೆದು ನಿಮ್ಮ ಯಂತ್ರಕ್ಕೆ ಕೂರಿಸುವುದಾದರೆ ಒಂದೇ ಪೀಳಿಗೆಯ ಬೋರ್ಡ್‌ನಿಂದ ತೆಗೆಯಬೇಕು. 2005ರ ಕೊನೆಯ ಮಾದರಿಗಳ ಪ್ರೊಸೆಸರ್ ಬೇರೆ ಬಗೆಯದು. ದ್ರವದ ಪ್ರೊಸೆಸರ್‌ಗೇ ಕೈಯಾರೆ ಹೀಟ್ ಸಿಂಕ್ ಕೆತ್ತಿ ಕೂರಿಸುವ ಸಾಹಸವನ್ನು ಯಂತ್ರದಲ್ಲಿ ಬೇಕಾದ ಕಡತಗಳಿರುವವರು ಮಾಡಬಾರದು. ಮೊದಲು ಹಾರ್ಡ್ ಡಿಸ್ಕ್ ತೆಗೆದು ಕಡತಗಳನ್ನು ಬೇರೆಡೆಗೆ ನಕಲು ಮಾಡಿಟ್ಟುಕೊಳ್ಳಿ.

ಕೆಲವು ತಿಂಗಳು ಚೆನ್ನಾಗಿದ್ದು ಮತ್ತೆ ಬಿಸಿ, ಮತ್ತೆ ಸದ್ದು

ನಮ್ಮ ಭಾಗದಲ್ಲಿ ಇದರ ಉತ್ತರ ಧೂಳು. ಹುಬ್ಬಳ್ಳಿಯ ಅರಳೆ ವ್ಯಾಪಾರದ ಸುತ್ತಮುತ್ತ ಹತ್ತಿಯ ಎಳೆ, ಗದಗದ ಮುದ್ರಣಾಲಯಗಳಲ್ಲಿ ಕಾಗದದ ಪುಡಿ, ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಗಳಲ್ಲಿ ಖಾರದ ಧೂಳು ಹೀಟ್ ಸಿಂಕ್‌ನ ರೆಕ್ಕೆಗಳ ನಡುವೆ ಕಂಬಳಿಯಂತೆ ಕೂರುತ್ತವೆ. ಫ್ಯಾನ್ ತೆಗೆದು ನೋಡದ ಹೊರತು ಅದು ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಅದು ಫ್ಯಾನ್‌ನ ಹಿಂದೆಯೇ ಅಡಗಿರುತ್ತದೆ. ಬ್ಲೋವರ್‌ನಿಂದ ಊದುವಾಗ ಫ್ಯಾನ್‌ನ ರೆಕ್ಕೆಯನ್ನು ಕಡ್ಡಿಯಿಂದ ತಡೆದು ಹಿಡಿಯಿರಿ. ಗಾಳಿಗೆ ವೇಗವಾಗಿ ತಿರುಗಿದ ಫ್ಯಾನ್ ತಾನೇ ವಿದ್ಯುತ್ ಹುಟ್ಟಿಸಿ ಬೋರ್ಡ್‌ಗೆ ಕಳಿಸಬಹುದು, ಬೇರಿಂಗ್ ಕೂಡ ಹಾಳಾಗುತ್ತದೆ. ಖಾರದ ಧೂಳಿರುವ ಯಂತ್ರವನ್ನು ಮನೆಯೊಳಗೆ ಊದದೆ, ಅಂಗಳದಲ್ಲಿ, ಕಣ್ಣು ಮೂಗು ಮುಚ್ಚಿಕೊಂಡು ಊದಬೇಕು.

ಮುಂದಿನ ಫ್ಯಾನ್‌ಗಳಿಗೆ ತೊಳೆಯಬಹುದಾದ ತೆಳು ಜಾಲರಿ ಹಾಕಿ, ಒಳತರುವ ಗಾಳಿ ಹೊರಹೋಗುವುದಕ್ಕಿಂತ ಸ್ವಲ್ಪ ಹೆಚ್ಚಿರುವಂತೆ ನೋಡಿಕೊಂಡರೆ ಸಂದಿಗಳಿಂದ ಧೂಳು ನುಗ್ಗುವುದು ಕಡಿಮೆಯಾಗುತ್ತದೆ. ಬೇಸಿಗೆಯಲ್ಲಿ ಕೋಣೆಗೆ ನೀರಿನ ಕೂಲರ್ ಇಡುವವರು ಅದರ ಗಾಳಿ ನೇರವಾಗಿ ಕ್ಯಾಬಿನೆಟ್‌ನ ಮುಖಕ್ಕೆ ಬೀಳದಂತೆ ಇಡಬೇಕು. ಆ ತೇವ ಧೂಳನ್ನು ಒದ್ದೆಯಾದ ಪದರವಾಗಿಸಿ ಬೋರ್ಡ್‌ಗೆ ಅಂಟಿಸುತ್ತದೆ. ಜಾಲರಿಯನ್ನು ತಿಂಗಳಿಗೊಮ್ಮೆ ತೊಳೆದು ಪೂರ್ತಿ ಒಣಗಿಸಿ ಹಾಕಿ, ಮುಂಗಾರಿಗೆ ಮೊದಲು ಒಮ್ಮೆ, ದೀಪಾವಳಿಯ ಹೊತ್ತಿಗೆ ಒಮ್ಮೆ ಹೀಟ್ ಸಿಂಕ್‌ನ ಫ್ಯಾನ್ ತೆಗೆದು ಒಳಗೆ ನೋಡಿ, ಅಂದಿನ ಕೋಣೆಯ ಉಷ್ಣತೆ ಮತ್ತು ಪ್ರೊಸೆಸರ್ ತಾಪಮಾನ ಎರಡನ್ನೂ ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್‌ನ ಬಾಗಿಲಿನ ಒಳಬದಿಗೆ ಅಂಟಿಸಿ.